ಮೂರನೇ ಕಿಟಕಿ

ನನ್ನ ಗಂಡ ಸರ್ವೋತ್ತಮರು ಸುಳ್ಳು ಹೇಳುವ ಜನ ಅಲ್ಲ. ಹೇಳುವವರಾಗಿದ್ದರೆ ನನಗೆ ಇಷ್ಟು ಕಷ್ಟ ಇರುತ್ತಿರಲಿಲ್ಲ. ಹತ್ತರ ಜೊತೆ ಹನ್ನೊಂದು ಎಂದು ಅದನ್ನೂ ಮೂಲೆಗೆ ಎಸೆದು ನೆಮ್ಮದಿಯಾಗಿ ಇರುತ್ತಿದ್ದೆ.

ಮದುವೆಯಾದ ವಾರದಿಂದ ತೀರಿಕೊಳ್ಳುವ ತನಕ, ಮೂವತ್ತಮೂರು ವರ್ಷ, ಮನೆಗೆ ಬಂದವರಿಗೆಲ್ಲ ಅವರು ಒಂದೇ ಕಥೆ ಹೇಳಿದರು. ಡೊಂಬಿವಲಿ ಎಂಐಡಿಸಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಆ ಕಥೆ ಕೇಳದ ಗೋಡೆ ಇಲ್ಲ.

"ಹುಡುಗಿ ನೋಡುವ ಶಾಸ್ತ್ರವೇ ಆಗಲಿಲ್ಲ ಮಾರಾಯ್ರೆ ನಮ್ಮದರಲ್ಲಿ," ಎಂದು ಶುರು ಮಾಡುತ್ತಿದ್ದರು. "ಮೊದಲೇ ನೋಡಿ ಆಗಿತ್ತು. ಕಂಪನಿ ಬಸ್ಸಿಗೆ ಕಳವಾ ಸ್ಟಾಪಿನಲ್ಲಿ ಹತ್ತಿದೆ. ನೋಡ್ತೇನೆ, ಮೂರನೇ ಕಿಟಕಿ ಹತ್ರ ಕೂತಿದ್ದಾಳೆ. ಮಡಿಲಲ್ಲಿ ಡಬ್ಬ, ಮುಖದ ಮೇಲೆ ಬೆಳಗಿನ ಬಿಸಿಲು. ಅವತ್ತೇ ತೀರ್ಮಾನ ಮಾಡಿ ಆಯ್ತು."

ಬಂದವರು ನಕ್ಕು ನನ್ನ ಮುಖ ನೋಡುತ್ತಿದ್ದರು. ನಾನು ಕಾಫಿಯ ನೆಪ ಮಾಡಿ ಒಳಗೆ ಎದ್ದು ಹೋಗುತ್ತಿದ್ದೆ. ನಾಚಿಕೆ ಅಂದುಕೊಳ್ಳುತ್ತಿದ್ದರು ಅವರು. ನಾಚಿಕೆಯಲ್ಲ. ನಾನು ಯಾವತ್ತೂ ಮೂರನೇ ಕಿಟಕಿಯ ಹತ್ತಿರ ಕೂತವಳೇ ಅಲ್ಲ. ಮೊದಲ ಎಂಟು ತಿಂಗಳು ಆ ಬಸ್ಸಿನಲ್ಲಿ ನಾನು ಕೂತದ್ದೇ ಇಲ್ಲ.

ಎಂಬತ್ತೇಳನೇ ಇಸವಿಯಲ್ಲಿ ಔಷಧಿ ಕಂಪನಿಯ ಪ್ಯಾಕಿಂಗ್ ವಿಭಾಗಕ್ಕೆ ಟೆಂಪರರಿಯಾಗಿ ಸೇರಿದವಳು ನಾನು. ಠಾಣೆಯಿಂದ ಕಂಪನಿಯ ಬಸ್ಸು. ಕಳವಾ, ಮುಂಬ್ರಾ, ಶಿಳಫಾಟಾ ದಾಟಿ ಡೊಂಬಿವಲಿಯ ಕಾರ್ಖಾನೆ ಪ್ರದೇಶ, ಎಂಐಡಿಸಿ. ಆ ಬಸ್ಸಿಗೆ ಅದರದ್ದೇ ಕಾನೂನು ಇತ್ತು. ಎಡಗಡೆ ಹೆಂಗಸರು, ಬಲಗಡೆ ಗಂಡಸರು. ಪರ್ಮನೆಂಟ್ ಆದವರಿಗೆ ಒಬ್ಬೊಬ್ಬರಿಗೆ ಒಂದೊಂದು ಸೀಟು, ಹೆಸರು ಬರೆಯದಿದ್ದರೂ ಬರೆದ ಹಾಗೆಯೇ. ಟೆಂಪರರಿಗಳು ನಿಲ್ಲಬೇಕು. ಠಾಣೆಯಲ್ಲಿ ಅರ್ಧ ಬಸ್ಸು ಖಾಲಿ ಇದ್ದರೂ ನಿಲ್ಲಬೇಕು, ಯಾಕೆಂದರೆ ಆ ಸೀಟಿನ ಯಜಮಾನರು ಮುಂದೆ ಕಳವಾದಲ್ಲೋ ಮುಂಬ್ರಾದಲ್ಲೋ ಹತ್ತುವವರಿದ್ದರು. ಡ್ರೈವರ್ ಜಟ್ಟೆಪ್ಪನ ಬೆನ್ನ ಹಿಂದೆ ಒಂದು ಕಬ್ಬಿಣದ ಸರಳಿತ್ತು. ಅದನ್ನು ಹಿಡಿದು, ಮುಂದಿನ ಗಾಜು ನೋಡುತ್ತಾ, ಒಂದು ಗಂಟೆ ನಿಲ್ಲುತ್ತಿದ್ದೆ. ಗಂಡಸರ ಕಡೆಗೆ ತಿರುಗಿದರೆ ಸಾಯಂಕಾಲದೊಳಗೆ ಠಾಣೆಯಲ್ಲಿ ಅಪ್ಪನ ಹೋಟೆಲಿಗೆ ಸುದ್ದಿ ಮುಟ್ಟುತ್ತಿತ್ತು.

ಎಡಗಡೆಯ ಮೂರನೇ ಕಿಟಕಿ ಸೋನಾಲಿಯದ್ದು. ಪರ್ಮನೆಂಟು, ಮರಾಠಿ ಹುಡುಗಿ, ನಕ್ಕರೆ ಇಡೀ ಪ್ಯಾಕಿಂಗ್ ಲೈನು ತಲೆ ಎತ್ತುತ್ತಿತ್ತು. ಬಿಸಿಲು ಬಿದ್ದರೆ ಇಂಥವರ ಮುಖದ ಮೇಲೆಯೇ ಬೀಳಬೇಕು. ನೀಲಿ ಏಪ್ರನ್ನು, ಉದ್ದ ಜಡೆ; ದೂರದಿಂದ ನೋಡಿದರೆ ನಾವಿಬ್ಬರೂ ಒಂದೇ.

ನಾನು ಪರ್ಮನೆಂಟ್ ಆಗಿ ಹಿಂದಿನ ಚಕ್ರದ ಮೇಲಿನ ಸೀಟು ಸಿಗುವ ಹೊತ್ತಿಗೆ ಇವರು ಸೆಕೆಂಡ್ ಶಿಫ್ಟಿಗೆ ಹೋಗಿದ್ದರು. ಮೂರು ವರ್ಷದ ಮೇಲೆ ನನ್ನ ಸೋದರಮಾವನ ಕಡೆಯಿಂದ ಸಂಬಂಧ ಬಂತು. ಹುಡುಗ ಅದೇ ಕಂಪನಿಯ ಮೆಂಟೆನೆನ್ಸ್‌ನವನಂತೆ, 'ಪ್ಯಾಕಿಂಗಿನ ಹುಡುಗಿಯಲ್ಲವಾ, ಬಸ್ಸಿನಲ್ಲಿ ನೋಡಿದ್ದೇನೆ, ಒಪ್ಪಿಗೆ' ಅಂದನಂತೆ. ಮನೆಗೆ ಬಂದು ನೋಡಲೂ ಇಲ್ಲ.

ಈಗ ಹೇಳಿ, ಅವರು ಒಪ್ಪಿದ್ದು ಯಾರನ್ನು?

ತಾಳಿ ಕಟ್ಟುವಾಗ ಮುಖ ನೋಡಿ ಗೊತ್ತಾಗಿರಬಹುದು. ಆದರೆ ನನ್ನ ಗಂಡ ಎಂಥವರೆಂದರೆ, ಹೋಟೆಲಿನಲ್ಲಿ ಮಸಾಲೆ ದೋಸೆ ಹೇಳಿ ಉದ್ದಿನ ದೋಸೆ ಬಂದರೂ ತುಟಿ ಪಿಟಕ್ಕೆನ್ನದೆ ತಿಂದು, ಚೆನ್ನಾಗಿತ್ತು ಎಂದು ಹೇಳಿ ಏಳುವವರು. ಹಾಗೆಯೇ ನನ್ನನ್ನೂ ಇಟ್ಟುಕೊಂಡರೋ ಏನೋ. ಮೂವತ್ತಮೂರು ವರ್ಷ ಒಂದು ಕೆಟ್ಟ ಮಾತಾಡಲಿಲ್ಲ. ಒಳ್ಳೆಯತನವನ್ನು ಯಾವ ಕೋರ್ಟಿಗೆ ಎಳೆಯುವುದು? ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. 'ಹೌದು, ತಪ್ಪಾಯಿತು' ಅಂದುಬಿಟ್ಟರೆ ನಾನು ಎಲ್ಲಿಗೆ ಹೋಗಲಿ?

ರಿಟೈರಾದ ಮೇಲೆ ಅವರಿಗೆ ಇಟ್ಟಿಗೆಯ ಹುಚ್ಚು ಹಿಡಿಯಿತು. ಕಾಮೋಠೆಯಲ್ಲಿರುವ ಮಗಳ ಮನೆಯಿಂದ ಮೊಮ್ಮಗಳು ಆಡಿ ಬಿಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳ ಒಂದು ಡಬ್ಬ ಬಂತು. ಎರಡು ದಿನದಲ್ಲಿ ಅದು ಆಟೋರಿಕ್ಷಾ ಆಯಿತು. ಆಮೇಲೆ ನೀರಿನ ಟ್ಯಾಂಕರು, ಕಲ್ಯಾಣದ ಈರುಳ್ಳಿ ಟೆಂಪೋ, ಬಾಗಿಲು ತೆರೆಯುವ ಆಂಬುಲೆನ್ಸು. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಜೋಡಿಸುವುದು ಅವರಿಗೆ ಸೇರುತ್ತಿರಲಿಲ್ಲ. ರಸ್ತೆಯ ಗಾಡಿ ನೋಡಬೇಕು, ಗೇಣಿನಲ್ಲಿ ಅಳೆಯಬೇಕು, ಹಳೆ ಕ್ಯಾಲೆಂಡರಿನ ಹಿಂದೆ ಚೌಕ ಎಳೆದು ನಕ್ಷೆ ಮಾಡಬೇಕು, ಏಳು ಸಲ ಕಟ್ಟಿ ಏಳು ಸಲ ಬಿಚ್ಚಬೇಕು. ಸಣ್ಣ ತುಂಡುಗಳಿಗೆಂದು ನನ್ನ ಅಮ್ಮನ ಸಾಂಬಾರ ಡಬ್ಬಿಯನ್ನೇ ಎತ್ತಿಕೊಂಡು ಹೋದರು. ಜೀರಿಗೆಯ ಬಟ್ಟಲಿನಲ್ಲಿ ದೀಪದ ಗಾಜು, ಮೆಂತ್ಯದ ಬಟ್ಟಲಿನಲ್ಲಿ ಚಕ್ರ. ಆ ದಿನ ನಾನು ಆಡಿದ ಮಾತು ಕೆಳಗಿನ ಮನೆಯವರಿಗೂ ಕೇಳಿಸಿತ್ತು.

ನವಿ ಮುಂಬಯಿಯಲ್ಲಿ ಇಂಥ ಹುಚ್ಚಿನವರದ್ದೇ ಒಂದು ಗುಂಪಿದೆ. ವರ್ಷಕ್ಕೊಮ್ಮೆ ವಾಶಿಯಲ್ಲಿ ಹಾಲ್ ಹಿಡಿದು ತಾವು ಕಟ್ಟಿದ ಗಾಡಿಗಳನ್ನು ಪ್ರದರ್ಶನಕ್ಕೆ ಇಡುತ್ತಾರೆ. ಎಲ್ಲ ಇಪ್ಪತ್ತು ಮೂವತ್ತರ ಹುಡುಗ ಹುಡುಗಿಯರು, ನಡುವೆ ಬಿಳಿ ತಲೆಯ ನಮ್ಮವರು ಒಬ್ಬರೇ.

ಕೊನೆಗೆ ಶುರು ಮಾಡಿದ್ದು ನಮ್ಮ ಕಂಪನಿ ಬಸ್ಸು. ಹನ್ನೆರಡು ಗುಬ್ಬಿ ಅಗಲ. ಇಟ್ಟಿಗೆಯ ಮೇಲೆ ಇನ್ನೊಂದು ಇಟ್ಟಿಗೆ ಕಚ್ಚಿಕೊಳ್ಳುವ ಉಬ್ಬು ಇರುತ್ತದಲ್ಲ, ನಮ್ಮ ಕಡೆ ಅಂಗಿಯ ಗುಂಡಿಗೆ ಗುಬ್ಬಿ ಅನ್ನುವ ಹಾಗೆ ಅದನ್ನೂ ಗುಬ್ಬಿ ಎಂದೇ ಅವರು ಕರೆಯುತ್ತಿದ್ದರು. ಹುಡುಗರು ಸ್ಟಡ್ ಅನ್ನುತ್ತಾರೆ. ನಿಜವಾದ ಬಸ್ಸಿಗೆ ಒಂಬತ್ತು ಕಿಟಕಿ, ಇದಕ್ಕೆ ಏಳೇ ಹಿಡಿಯುತ್ತಿತ್ತು. ಯಾವುದನ್ನು ಬಿಡುವುದು ಎಂದು ಎರಡು ತಿಂಗಳು ತಲೆ ಕೆಡಿಸಿಕೊಂಡರು. ಬಸ್ಸಿನ ಬಣ್ಣ ಮಾಸಲು ಕೆನೆ. ಆ ಬಣ್ಣದ ಇಟ್ಟಿಗೆ ಬೇಕಾದಷ್ಟು ಸಿಗಲಿಲ್ಲ. ಹಳೆಯ ಬಿಳಿ ಇಟ್ಟಿಗೆ ಬಿಸಿಲಿಗೆ ಹಳದಿಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಒಂದು ವರ್ಷ ಪೂರ್ತಿ ನಮ್ಮ ಬಾಲ್ಕನಿಯಲ್ಲಿ ಹಪ್ಪಳ ಒಣಗಿಸಿದ ಹಾಗೆ ಇಟ್ಟಿಗೆ ಒಣಗಿಸಿದರು. ನನ್ನ ಹಪ್ಪಳಕ್ಕೆ ಜಾಗವಿಲ್ಲ.

ಒಳಗೆ ಇಣುಕಲು ಹೋದರೆ ಮಾತ್ರ ಕೈ ಅಡ್ಡ ಹಿಡಿಯುತ್ತಿದ್ದರು. "ಈಗ ಬೇಡ ವನಾ. ಎಲ್ಲ ಆಗಿ ಮಾಡು ಹಾಕುವ ದಿನ ನಾನೇ ಕರೀತೇನೆ. ನಿಂಗೊಂದು ತೋರಿಸ್ಲಿಕ್ಕೆ ಉಂಟು."

ಮಾಡು, ಅಂದರೆ ಬಸ್ಸಿನ ಚಾವಣಿ, ಬೇರೆಯಾಗಿ ಕಟ್ಟಿ ಆಗಿತ್ತು. ಹಾಕಲಿಲ್ಲ. ಜೂನ್ ತಿಂಗಳ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಚಹಾಕ್ಕೆ ಏಳಲಿಲ್ಲ. ಎದೆ, ಅಂದರು ಡಾಕ್ಟರು. ಬಸ್ಸಿಗೆ ಒಂದು ಹಳೆ ಚಾದರ ಸುತ್ತಿ ಕಪಾಟಿನ ಮೇಲಿಟ್ಟೆ. ಎರಡು ವರ್ಷ ಅದರ ಕಡೆ ನೋಡಲಿಲ್ಲ. ತೋರಿಸುತ್ತೇನೆ ಅಂದವರೇ ಇಲ್ಲದ ಮೇಲೆ ನೋಡುವುದು ಏನನ್ನು?

ಈ ವರ್ಷ ಗುಂಪಿನ ಅಮೂಲ್ಯಾ ಮನೆಗೆ ಬಂದಳು. ಕಾಮೋಠೆಯ ಹುಡುಗಿ, ಅಪ್ಪ ಅಮ್ಮ ಉಡುಪಿ ಕಡೆಯವರು. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಮಿಸಳ್, ಹಿಂದಿ ಇಂಗ್ಲಿಷ್ ಎಲ್ಲ ಕಲಸಿದ್ದು.

"ಆಂಟಿ, ಅಂಕಲ್ ಅವರ ಬಸ್ ಇಸ್ ಬಾರ್ ಶೋದಲ್ಲಿ ಇಡುವಾ. ಪ್ಲೀಸ್. ನಾವು ಏನೂ ಚೇಂಜ್ ಮಾಡೋದಿಲ್ಲ. ದೂಸ್ರೋಂಕಾ ಕಾಮ್ ನಾವು ಮುಟ್ಟುದಿಲ್ಲ, ಅದು ನಮ್ಮಲ್ಲಿ ರೂಲ್."

ಚಾದರ ಬಿಚ್ಚಿದಳು. ನಾನೂ ಬಗ್ಗಿದೆ.

ಸೀಟುಗಳೆಲ್ಲ ಇದ್ದವು, ಇಬ್ಬಿಬ್ಬರು ಕೂರುವಂಥವು. ಸ್ಟೇರಿಂಗ್ ಹಿಡಿದ ಮೀಸೆಯ ಡ್ರೈವರ್ ಗೊಂಬೆ, ಅವನ ಬೆನ್ನ ಹಿಂದೆ ಬೂದು ಬಣ್ಣದ ಸರಳು. ಅದರ ಹತ್ತಿರ ಯಾರೂ ಇಲ್ಲ. ಮೂರನೇ ಕಿಟಕಿಯ ಪಕ್ಕ ಒಂದು ಹೆಣ್ಣು ಗೊಂಬೆ. ನೀಲಿ ಏಪ್ರನ್ನು, ಕಪ್ಪು ಜಡೆ, ಮಡಿಲಲ್ಲಿ ಉಗುರಿನಷ್ಟು ಡಬ್ಬ.

ತೋರಿಸಲಿಕ್ಕೆ ಉಂಟು ಅಂದದ್ದು ಇದನ್ನೇ, ಆ ಸೋನಾಲಿಯನ್ನೇ. ಕೂರಿಸಿದ್ದು ಬಲಗಡೆ, ಗಂಡಸರ ಬದಿಯಲ್ಲಿ! ಬದಿ ಮರೆತು ಹೋಗಿದೆ, ಕಿಟಕಿ ಮರೆತಿಲ್ಲ. ನಿಂತವಳಂತೂ ನೆನಪಿನಲ್ಲೇ ಇಲ್ಲ.

"ಅರೇ," ಅಂದಳು ಅಮೂಲ್ಯಾ. "ನೆಲ ಪೂರಾ ಸ್ಟಡ್ ಇಲ್ಲದ ನೈಸ್ ಟೈಲ್ ಹಾಕಿದ್ದಾರೆ. ಡ್ರೈವರ್ ಹಿಂದೆ ಒಂದೇ ಒಂದು ಸ್ಟಡ್ ಓಪನ್ ಉಂಟು. ಒಂದು ಟೈಲ್ ಮರೆತರಾ ಅಂಕಲ್?"

"ಮರೆತಿರಬೇಕು. ಮರೆವು ಶುರುವಾಗಿತ್ತು," ಎಂದೆ. ಅವರಿಗೆ ಯಾವ ಮರೆವೂ ಇರಲಿಲ್ಲ. ಕೋಪಕ್ಕೆ ಅಂದೆ. ಆಮೇಲೆ ಕೈ ಹಾಕಿ ಆ ಜಡೆಯ ಗೊಂಬೆಯನ್ನು ಟಕ್ಕನೆ ಕಿತ್ತು ಪರ್ಸಿನ ಜಿಪ್ಪಿನೊಳಗೆ ಹಾಕಿದೆ.

"ಆಂಟಿ! ಕ್ಯಾ ಹುವಾ?"

"ಎಂತ ಇಲ್ಲ. ಖಾಲಿ ಬಸ್ಸೇ ಚಂದ. ತಗೊಂಡು ಹೋಗು."

ಸಾಂಬಾರ ಡಬ್ಬಿಯನ್ನೂ ಜೊತೆಗೆ ಒಯ್ದಳು, ದಾರಿಯಲ್ಲಿ ಏನಾದರೂ ಬಿಚ್ಚಿಕೊಂಡರೆ ಬೇಕಾಗುತ್ತದೆ ಎಂದು. ಸಾಸಿವೆಯ ಬಟ್ಟಲಿನಲ್ಲಿ ಇನ್ನೊಂದು ಗೊಂಬೆ ಬಿದ್ದಿತ್ತು. ಖಾಕಿ ಅಂಗಿಯ ಗಂಡಸು, ಒಂದು ಕೈ ಮೇಲಕ್ಕೆ ಎತ್ತಿದೆ. ಟ್ರಾಫಿಕ್ ಪೊಲೀಸ್ ಇರಬೇಕು ಎಂದಳು ಅಮೂಲ್ಯಾ. ನಾನು ಸರಿಯಾಗಿ ನೋಡಲೂ ಇಲ್ಲ.

ಪ್ರದರ್ಶನ ಶನಿವಾರ, ಭಾನುವಾರ. ಹೋಗುವುದಿಲ್ಲ ಎಂದು ಹೇಳಿ ಎರಡೂ ದಿನ ಹೋದೆ. ಮನೆಯಲ್ಲಿ ಕೂತು ಮಾಡುವುದೇನು? ಎರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಹಾಲ್‌ನಲ್ಲಿ ಮೇಜಿನ ಪಕ್ಕ ಮೇಜು. ಒಬ್ಬನ ಕ್ರೇನು ನಿಜವಾಗಿ ಎತ್ತುತ್ತಿತ್ತು, ಒಬ್ಬಳ ಲೋಕಲ್ ಟ್ರೈನಿನ ಬಾಗಿಲಲ್ಲಿ ಗೊಂಬೆಗಳು ನೇತಾಡುತ್ತಿದ್ದವು. ನಮ್ಮ ಬಸ್ಸಿನ ಮುಂದೆ ಅವರ ಹೆಸರಿನ ಚೀಟಿ, ಪಕ್ಕದಲ್ಲಿ ಕಳಚಿಟ್ಟ ಮಾಡು. ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು. ಬಂದವರೆಲ್ಲ ಬಣ್ಣವನ್ನೇ ಕೇಳುತ್ತಿದ್ದರು, ಇದು ಯಾವ ಶೇಡು ಎಂದು. "ಬಾಲ್ಕನಿ ಶೇಡು," ಎಂದು ಹೇಳುತ್ತಿದ್ದೆ. ಹೇಳುವಾಗೆಲ್ಲ ಪಕ್ಕಕ್ಕೆ ತಿರುಗುತ್ತಿದ್ದೆ. ಇದಕ್ಕೆ ನಗಬೇಕಾದವರು ಅಲ್ಲಿ ಇರಲಿಲ್ಲ.

ಭಾನುವಾರ ನಾಲ್ಕು ಗಂಟೆಯ ಹೊತ್ತಿಗೆ ಬಿಳಿ ಪಂಚೆ, ಬಿಳಿ ಟೊಪ್ಪಿಗೆಯ ಮುದುಕರೊಬ್ಬರು ಮಗಳ ತೋಳು ಹಿಡಿದು ಬಂದರು. ಅಮೂಲ್ಯಾ ಫೋನಿನಲ್ಲಿ ಹಾಕಿದ ಬಸ್ಸಿನ ಫೋಟೋ ಘಣಸೋಲಿಯ ಆ ಮಗಳ ಕಣ್ಣಿಗೆ ಬಿದ್ದಿತ್ತಂತೆ. ಮುದುಕರು ಮೇಜಿನ ಅಂಚು ಹಿಡಿದು ಬಗ್ಗಿದರು.

"ಯಪ್ಪಾ, ನನ್ನ ಗಾಡಿ! ಭಾಗ್ಯಾ, ನೋಡ ಇಲ್ಲಿ. ಗೇರಿನ ಹಿಡಿಕಿಗಿ ಕೆಂಪ ಗುಂಡ ಹಾಕ್ಯಾನ. ಖರೇನ ಹಂಗ ಇತ್ತವ್ವಾ. ಈ ಮೀಶಿ ಮಾತ್ರ ಜರಾ ಜಾಸ್ತಿ ಆತು."

ಜಟ್ಟೆಪ್ಪ. ಹೆಚ್ಚುಕಡಿಮೆ ನಲವತ್ತು ವರ್ಷದ ಹಿಂದೆ ನಾನು ದಿನಾ ನೋಡುತ್ತಿದ್ದುದು ಈ ಮನುಷ್ಯನ ಕುತ್ತಿಗೆಯನ್ನು; ಮುಖ ಗುರುತು ಸಿಗದಿದ್ದರೆ ತಪ್ಪು ನನ್ನದಲ್ಲ. ಅವರೇ ನನ್ನನ್ನು ದಿಟ್ಟಿಸಿ ನೋಡಿದರು.

"ನೀವು… ನನ್ನ ಬೆನ್ನ ಹಿಂದ ನಿಂದರತಿದ್ದ ಹುಡುಗಿ ಅಲ್ಲೇನ್ರಿ? ಸರ್ವೋತ್ತಮಣ್ಣನ ಮನಿಯವರು?"

ಯಾರಿಗಾದರೂ ನೆನಪಿದೆಯಲ್ಲ ಎಂದು ಕಣ್ಣು ತುಂಬಿತು. ಹೌದು ಎಂದು ತಲೆ ಆಡಿಸಿದೆ.

ಮುದುಕರು ಬಸ್ಸಿನೊಳಗೆ ಬೆರಳು ಇಳಿಸಿ, ಮುಟ್ಟಬಾರದು ಎಂಬ ಫಲಕ ನೋಡಿ ಅಲ್ಲೇ ಗಾಳಿಯಲ್ಲಿ ನಿಲ್ಲಿಸಿದರು. ಬೆರಳಿನ ಕೆಳಗೆ ಬಲಗಡೆಯ ಮೂರನೇ ಕಿಟಕಿ.

"ಇದ ನೋಡ್ರಿ ಅಂವನ ಸೀಟ. ಯಾಕ ಖಾಲಿ ಬಿಟ್ಟೀರಿ?"

"ಯಾರದ್ದು?"

"ಸರ್ವೋತ್ತಮಣ್ಣಂದು. ಮೂರನೇ ಖಿಡಕಿ, ನನ್ನ ಬಾಜೂ. ನನ್ನ ಮುಂದಿನ ಕನ್ನಡ್ಯಾಗ ದಿನಾ ಅಂವನ ಮಾರಿನ ಕಾಣತಿತ್ತು."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಮೂವತ್ತಮೂರು ವರ್ಷದ ಆ ಕಥೆಯಲ್ಲಿ ಅವರು ಎಲ್ಲಿ ಕೂತಿದ್ದರು ಎಂಬುದು ಒಂದು ದಿನವೂ ಬಂದದ್ದಿಲ್ಲ. ನಾನೂ ಕೇಳಿದವಳಲ್ಲ.

ಜಟ್ಟೆಪ್ಪ ನಗುತ್ತಿದ್ದರು. "ಕಳವಾದಾಗ ಹತ್ತಾಂವ, ಕೂಡಾಂವ. ಮುಂಬ್ರಾ ಬರೂತನಾ ಎರಡ ಮೂರ ಸರ್ತಿ ಅರ್ಧಾ ಏಳಾಂವ, ಮತ್ತ ಕೂಡಾಂವ. ಪಾಪ, ಮೂಲವ್ಯಾಧಿ ಆಗ್ಯಾವೇನೋ ಅಂದ್ಕೊಂಡಿದ್ದೆ ನಾ. ಒಂದಿನಾ ಕ್ಯಾಂಟೀನ್ದಾಗ ಕೇಳೇಬಿಟ್ಟೆ. 'ಆ ಹುಡುಗಿ ದಿನಾ ನಿಂತ ಬರತಾಳ ಜಟ್ಟೆಪ್ಪಣ್ಣ, ನನ್ನ ಸೀಟ ಕೊಡಬೇಕಂತೀನಿ, ಹಿಂದಿನ ಮಂದಿ ನಗತಾರ' ಅಂದ. ಖರೇನ ನಗತಿದ್ರ ತಂಗೆವ್ವಾ. ಟೆಂಪರರಿಗೆ ಸೀಟ ಕೊಡೂದಂದ್ರೇನು, ಅದೂ ಹೆಣಮಗಳಿಗೆ! ನಗಲಿ ಬಿಡ, ನೀ ಏಳೋ ಅಂದೆ. ನಾಳಿ ಏಳತೀನಿ ಅಂದ. ಎಂಟ ತಿಂಗಳಾತು. ನಿಮ್ಮ ನೌಕರಿ ಪಕ್ಕಾ ಆತು, ನಿಮಗ ಸೀಟ ಸಿಕ್ತು. ಅಂವನ ನಾಳಿ ಬರಲೇ ಇಲ್ಲ."

ಅಮೂಲ್ಯಾ ಬಾಯಿ ತೆರೆದು ಕೇಳುತ್ತಿದ್ದವಳು ಇದ್ದಕ್ಕಿದ್ದಂತೆ "ಆಂಟಿ, ವೋ ಸ್ಟಡ್!" ಎಂದು ಸಾಂಬಾರ ಡಬ್ಬಿಗೆ ಕೈ ಹಾಕಿದಳು. ಖಾಕಿ ಅಂಗಿಯ ಗೊಂಬೆಯನ್ನು ತೆಗೆದಳು. ಮೆಂಟೆನೆನ್ಸ್‌ನವರ ಯೂನಿಫಾರ್ಮು ಖಾಕಿ. ಇದು ನನಗೆ ಹೊಳೆಯಲಿಲ್ಲವಲ್ಲ! ಮೂವತ್ತು ವರ್ಷ ಆ ಅಂಗಿಯ ಗ್ರೀಸು ಉಜ್ಜಿದವಳು ನಾನು. ಡ್ರೈವರಿನ ಹಿಂದೆ, ಆ ಒಂದೇ ಗುಬ್ಬಿಯ ಮೇಲೆ ಅವಳು ಗೊಂಬೆಯ ಕಾಲು ಒತ್ತಿದಳು. ಎತ್ತಿದ ಕೈ ಬೂದು ಸರಳಿಗೆ ಸರಿಯಾಗಿ ಹೋಗಿ ಕಚ್ಚಿತು.

ನಾನು ಪರ್ಸಿನ ಜಿಪ್ಪು ಎಳೆದೆ. ಜಡೆಯ ಗೊಂಬೆಯನ್ನು ಬಲಗಡೆಯ ಮೂರನೇ ಕಿಟಕಿಯ ಹತ್ತಿರ ಕೂರಿಸಿದೆ. ಅದು ಸೋನಾಲಿ ಅಲ್ಲ. ಯಾವತ್ತೂ ಸೋನಾಲಿ ಆಗಿರಲಿಲ್ಲ. ಅವರು ತಮ್ಮ ಸೀಟಿನಲ್ಲಿ ನನ್ನನ್ನು ಕೂರಿಸಿ, ನಾನು ನಿಂತ ಜಾಗದಲ್ಲಿ ತಾವು ನಿಂತಿದ್ದರು. ಬಸ್ಸಿನಲ್ಲಿ ಆಗದ್ದನ್ನು ಮೊದಲು ಮಾತಿನಲ್ಲಿ ಮಾಡಿದರು, ಮೂವತ್ತಮೂರು ವರ್ಷ. ಅದೂ ಸಾಲದೆ ಇಟ್ಟಿಗೆಯಲ್ಲಿ ಮಾಡಿದರು. ಮಾಡು ಹಾಕುವ ದಿನ ಒಪ್ಪಿಕೊಳ್ಳುವವರಿದ್ದರು.

ಜನರ ಎದುರಿಗೇ ಅತ್ತೆ. ಸಂಕೋಚ ಆಗಲಿಲ್ಲ. ಸಂತೋಷಕ್ಕೆ ಅತ್ತೆ ಎಂದರೆ ಅದು ಅರ್ಧ ಸತ್ಯ. ಸಿಟ್ಟು ಬಂದಿತ್ತು. ಅವರ ಮೇಲೆ, ಅದಕ್ಕಿಂತ ಹೆಚ್ಚು ನನ್ನ ಮೇಲೆ. ಒಂದು ಸಲ, ಒಂದೇ ಒಂದು ಸಲ 'ನಾನು ಅಲ್ಲಿ ಕೂತಿರಲಿಲ್ಲವಲ್ಲ' ಎಂದು ಕೇಳಿದ್ದರೆ ಅವರು ತಲೆ ತಗ್ಗಿಸಿ ಹೇಳುತ್ತಿದ್ದರು. 'ಎಂಟು ತಿಂಗಳು ನನ್ನ ಕಾಲು ಬಾತುಕೊಂಡದ್ದಕ್ಕೆ ಎಂತ ಹೇಳ್ತೀರಿ' ಎಂದು ನಾನು ಸಾಯಂಕಾಲದ ತನಕ ಬೈಯುತ್ತಿದ್ದೆ. ಅಷ್ಟಕ್ಕೆ ಮುಗಿಯುತ್ತಿತ್ತು. ನಾನು ಸೋನಾಲಿಯ ಜೊತೆ ಸಂಸಾರ ಮಾಡಿದೆ ಅಷ್ಟು ವರ್ಷ, ಪಾಪ, ಅವಳಿಗೆ ಗೊತ್ತೇ ಇಲ್ಲ. ಈಗ ನನಗೆ ಅವರು ಬೇಕು. ಪ್ರೀತಿ ಗೀತಿ ಮಾತಾಡಲಿಕ್ಕೆ ಅಲ್ಲ, ಬೈಯಲಿಕ್ಕಾದರೂ ಒಂದು ಗಂಟೆ ಬೇಕು. ಠಾಣೆಯಿಂದ ಎಂಐಡಿಸಿ ತನಕದಷ್ಟು ಹೊತ್ತು.

ಐದೂವರೆಗೆ ಹಾಲ್ ಖಾಲಿಯಾಗತೊಡಗಿತು. ಭಾಗ್ಯಾ ಅಪ್ಪನಿಗೆ ಕುರ್ಚಿ ತಂದು ಕೊಟ್ಟಳು. ಅಮೂಲ್ಯಾ ಮಾಡನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದಳು. "ಆಂಟಿ, ನೀವೇ ಹಾಕಬೇಕು. ನಾವು ಯಾರೂ ಹಾಕುದಿಲ್ಲ."

"ನಿಲ್ಲು," ಎಂದೆ.

ಖಾಕಿ ಅಂಗಿಯ ಗೊಂಬೆಯನ್ನು ಗುಬ್ಬಿಯಿಂದ ಬಿಡಿಸಿದೆ. ಎತ್ತಿದ ಕೈ ಕೆಳಗೆ ಇಳಿಸಿದೆ. ಸೊಂಟದಲ್ಲಿ ಕಾಲು ಮಡಚಿ, ಮೂರನೇ ಕಿಟಕಿಯ ಸೀಟಿನಲ್ಲಿ ಜಡೆಯವಳ ಪಕ್ಕ ಒತ್ತಿ ಕೂರಿಸಿದೆ.

"ಪರ್ ಆಂಟಿ, ಅಂಕಲ್‌ದು ಡಿಸೈನಲ್ಲಿ ಅವರು ನಿಂತದ್ದು," ಎಂದಳು ಅಮೂಲ್ಯಾ ಮೆಲ್ಲನೆ. "ಸ್ಟಡ್ ಖಾಲಿ ಕಾಣ್ತದೆ."

"ಕಾಣಲಿ. ಇಷ್ಟು ವರ್ಷ ನಿಂತದ್ದು ಸಾಕು ಅವರು. ಅದು ಇಬ್ಬರ ಸೀಟು ಮಾರಾಯ್ತಿ. ಅವತ್ತು ಸ್ವಲ್ಪ ಸರಿದು ಕೂತಿದ್ದರೂ ಆಗ್ತಿತ್ತು."

ಮಾಡನ್ನು ಕೈಗೆ ತೆಗೆದುಕೊಂಡೆ. ಹಾಕಿದರೆ ಅವರಿಬ್ಬರು ಕಾಣುವುದಿಲ್ಲ, ಕಿಟಕಿಯಿಂದ ಒಂದು ಜಡೆ ಕಂಡರೆ ಕಂಡೀತು. ಜಟ್ಟೆಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿ, ಹಿಂದೆ ದಿನಾ ಠಾಣೆಯಲ್ಲಿ ಕೇಳುತ್ತಿದ್ದ ಹಾಗೆಯೇ ಕೇಳಿದರು.

"ಎಲ್ಲಾರೂ ಬಂದ್ರೇನ್ರಿ? ಬಿಡ್ಲೇನು ಗಾಡಿ?"

"ಒಂದು ನಿಮಿಷ," ಎಂದೆ. "ಒಂದೇ ನಿಮಿಷ ನಿಲ್ಲಿಸಿ."